ಮಾವನವರ ಕಾವಲಿನಲ್ಲಿ ನನ್ನ ಕಾಲಾಳು

ಗಮನ ಎನ್ನುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಕೆಲವರಿಗೆ ಬೆತ್ತದ ರುಚಿ ನೋಡಿದ ಮೇಲೆ ಬರುತ್ತದೆ. ನನಗೆ ಎರಡೂ ದಾರಿಯಿಂದ ಬರಲಿಲ್ಲ. ಎದುರಿಗೆ ಕೂತವರ ಮೊದಲ ಮಾತು ಚೆನ್ನಾಗಿಯೇ ಕೇಳಿಸುತ್ತದೆ. ಎರಡನೆಯದಕ್ಕೆ ಅವರ ಅಂಗಿಯ ಗುಂಡಿ ಕಾಣುತ್ತದೆ. ಮೂರನೆಯದರ ಹೊತ್ತಿಗೆ ಆ ಗುಂಡಿ ಹೊಲಿದ ದರ್ಜಿಯ ಅಂಗಡಿ ಮುಂದಿನ ಬೇವಿನ ಮರ ಕಡಿದರೋ ಇಲ್ಲವೋ ಎಂದು ಯೋಚಿಸುತ್ತಿರುತ್ತೇನೆ. ಹೊಸಪೇಟೆಯ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಮದರಾಸಿಗೆ ಹೋಗಬೇಕಾದ ಕಾಗದ ಸಂಡೂರಿಗೆ ಹೋದರೆ ನಮ್ಮ ಸಾಹೇಬರು ಈಗೀಗ ಕೂಗಾಡುವುದೂ ಇಲ್ಲ. ನನ್ನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ, ಅಷ್ಟೆ.

ಈ ಗುಣದಿಂದ ಸಂಸಾರಕ್ಕೇ ಸಂಚಕಾರ ಬಂದದ್ದು ತೋರಣಗಲ್ಲಿನಲ್ಲಿ. ಬಸುರಿ ಹೆಂಡತಿ ಶಾಂತವ್ವನನ್ನು ಬಳ್ಳಾರಿಯ ನೆಂಟರ ಮನೆಯಿಂದ ರೈಲಿನಲ್ಲಿ ಕರೆತರುತ್ತಿದ್ದೆ. ಅವಳಿಗೆ ನೀರಡಿಕೆಯಾಯಿತೆಂದು ತಂಬಿಗೆ ಹಿಡಿದು ಇಳಿದೆ. ಬೇಲಿಯಾಚೆ ಒಬ್ಬ ಎತ್ತಿಗೆ ಲಾಳ ಕಟ್ಟುತ್ತಿದ್ದ. ಅಷ್ಟು ದೊಡ್ಡ ಎತ್ತನ್ನು ಅವನು ನೋಯಿಸದಂತೆ ಕೆಡವಿದ ರೀತಿ ಎಷ್ಟು ನಾಜೂಕಾಗಿತ್ತೆಂದರೆ, ನಾಲ್ಕು ಕಾಲಿಗೂ ಆಗುವವರೆಗೆ ನಿಂತು ನೋಡಿದೆ. ತಿರುಗಿದರೆ ರೈಲಿಲ್ಲ. ಶಾಂತವ್ವ ಒಬ್ಬಳೇ ಹೊಸಪೇಟೆಯಲ್ಲಿಳಿದು, ಗಾಡಿ ಮಾಡಿಕೊಂಡು, ನಮ್ಮ ಮನೆ ದಾಟಿ, ನೇರವಾಗಿ ಕಂಪ್ಲಿಯ ತವರಿಗೆ ಹೋದಳು. ಹೆರಿಗೆ ಅಲ್ಲೇ ಆಯಿತು. ಮಗನಿಗೆ ಹಲ್ಲು ಮೂಡುವ ಕಾಲ ಬಂದರೂ ಅವರನ್ನು ಕಳಿಸುವ ಮಾತೇ ಇಲ್ಲ. ಖಾಲಿ ಮನೆಯಲ್ಲಿ ಒಬ್ಬನೇ ಉಣ್ಣುವುದು ನನಗೂ ಸಾಕಾಗಿತ್ತು.

ಮಾವನವರು ಅಕ್ಕಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಲ್ಲಿ ಲೆಕ್ಕದ ಮಾತು. ಒಂದು ಭಾನುವಾರ ಪಡಸಾಲೆಗೆ ಕರೆದು ಕೂರಿಸಿಕೊಂಡರು.

"ಅಳಿಯಾರ, ಸಿಟ್ಟಾಗಬ್ಯಾಡ್ರಿ. ಬಸುರಿ ಹೆಂಡ್ತಿ ಬಿಟ್ಟು ಎತ್ತಿನ ಕಾಲು ನೋಡ್ಕೋತ ನಿಂತಾವ್ರು ನೀವು. ನಾಳೆ ಕೂಸನ್ನ ಎಲ್ಲಿ ಬಿಟ್ಟು ಬರ್ತೀರೋ ಯಾರಿಗ್ಗೊತ್ತು? ನನ್ನ ಜೋಡಿ ಚದುರಂಗ ಕಲೀರಿ. ಗೆಲ್ಲೋದು ಬ್ಯಾಡ. ಒಂದಾಟ ಸೋಲದಂಗ ಏಳ್ರಿ, ಆವತ್ತೇ ಇಬ್ರನ್ನೂ ಕರ್ಕೊಂಡು ಹೋಗ್ರಿ."

ಅವರ ಪಡಸಾಲೆಯ ಕಲ್ಲುಹಾಸಿನಲ್ಲೇ ಚದುರಂಗದ ಮನೆಗಳನ್ನು ಕೊರೆಸಿದ್ದರು. ಹಂಪಿಯ ಮಂಟಪಗಳಲ್ಲೂ ಇಂಥ ಗೀರುಗಳಿವೆ. ಅವನ್ನು ಗೀರಿ, ಕಾವಲು ಬಿಟ್ಟು ಆಟಕ್ಕೆ ಕೂತ ಹಳೇ ಕಾಲದ ಸಿಪಾಯಿ ಯಾರೋ, ಅವನು ನಮ್ಮ ವಂಶದವನೇ ಎಂದು ನನಗೆ ಗುಮಾನಿ. ಇರಲಿ. ಆನೆ ನೇರ, ಒಂಟೆ ಓರೆ. ಇಷ್ಟು ತಲೆಗೆ ಹತ್ತಿತು. ಕುದುರೆ ಮಾತ್ರ ಎರಡು ಮನೆ ಮುಂದೆ ಹೋಗುವಷ್ಟರಲ್ಲಿ ಯಾವ ಕಡೆ ಹೊರಳಬೇಕೆಂಬುದು ನನಗೆ ಮರೆತಿರುತ್ತಿತ್ತು. "ಕುದುರಿ ಎಲ್ಲಿಗೆ ಹೊಂಟೈತ್ರಿ?" ಎಂದು ಮಾವನವರು ಕೇಳಿದರೆ, ನಾನೂ ಅದನ್ನೇ ಕುತೂಹಲದಿಂದ ನೋಡುತ್ತಿರುತ್ತಿದ್ದೆ. ಭಾನುವಾರಗಳು ಕಳೆದವು. ಸೋತು ಸೋತು ಸುಣ್ಣವಾದೆ.

ನಮ್ಮ ಕಡೆಯ ಆಟದಲ್ಲಿ ಒಂದು ಕಟ್ಟಳೆಯಿದೆ. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಅದು ಗೆಲುವಲ್ಲ, ಆಟ ಸಮ. ಆದ್ದರಿಂದ ಗೆಲ್ಲುವವನು ಸೋಲುವವನ ಒಂದು ಕಾಯನ್ನಾದರೂ ಜೋಪಾನವಾಗಿ ಉಳಿಸಿಕೊಂಡೇ ರಾಜನನ್ನು ಕಟ್ಟಿಹಾಕಬೇಕು. ಪ್ರತಿ ಆಟದ ಕೊನೆಗೂ ನನ್ನದೊಂದು ಕಾಲಾಳು ಉಳಿಯುತ್ತಿತ್ತು. ಅದಕ್ಕೆ ಏಟು ತಾಗದಂತೆ ಮಾವನವರು ಕಾಯುತ್ತಿದ್ದ ಪರಿ ನೋಡಿದರೆ, ಮಗಳಿಗೆ ತಕ್ಕ ಗಂಡ ಅದೇ ಎಂದು ಅನ್ನಿಸುತ್ತಿತ್ತು.

ಕೊನೆಯ ಭಾನುವಾರ ಆಟ ಶುರುವಾಗುತ್ತಲೇ ಕೂಸು ಅಂಬೆಗಾಲಿಟ್ಟು ಬಂದು ನನ್ನ ತೊಡೆಯೇರಿತು. ಕೆಳದವಡೆಯಲ್ಲಿ ಅಕ್ಕಿನುಚ್ಚಿನಷ್ಟು ಹಲ್ಲೊಂದು ಬೆಳ್ಳಗೆ ಇಣುಕಿತ್ತು. ಹಲ್ಲಿನ ತುರಿಕೆಗೆ, ಹೊಡೆದು ಬದಿಗಿಟ್ಟ ಕಾಯಿಯೆಲ್ಲ ಅದಕ್ಕೆ ಬಾಯಿಗೇ ಬೇಕು. ಬಾಯಿ ಮುಟ್ಟುವ ಮೊದಲೇ ಕಿತ್ತಿಡುವುದು ನನಗೆ ಕೆಲಸವಾಯಿತು. ಒಂಟೆ ಕಿತ್ತಿಟ್ಟರೆ ಮಂತ್ರಿಗೆ ಕೈ, ಮಂತ್ರಿ ಕಿತ್ತಿಟ್ಟರೆ ಆನೆಗೆ. ನಡುನಡುವೆ ಕೈಗೆ ಸಿಕ್ಕಿದ ಕಾಯನ್ನು ಎತ್ತಲೋ ನಡೆಸುತ್ತಿದ್ದೆ. ಆಟ ಎಲ್ಲಿಗೆ ಬಂತೆಂಬ ಪರಿವೆಯೇ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಮಾವನವರ ದನಿ ಕೇಳಿಸಿತು.

"ಛೇ, ಕೊನೀ ಕಾಲಾಳು ಹೊಡದ್ಬಿಟ್ನಲ್ಲಪ್ಪ! ಆಟ ಸಮ ಆತು. ಶಾಂತವ್ವಾ, ಗಂಟು ಕಟ್ಟವ್ವ."

ನನಗೋ ಹಿಗ್ಗೇ ಹಿಗ್ಗು. ಕಡ್ಡಿರಾಂಪುರ ದಾಟುವವರೆಗೂ ಗಾಡಿಯಲ್ಲಿ ನನ್ನದೇ ಬಡಾಯಿ. "ನಿಮ್ಮಪ್ಪನಂಥ ಆಟಗಾರನ ಲೆಕ್ಕಾನೇ ತಪ್ಪಿಸಿಬಿಟ್ಟೆ ನೋಡು!"

ಶಾಂತವ್ವ ನಕ್ಕಳು. "ನಮ್ಮಪ್ಪ ತಪ್ಪಿ ಕೊನೀ ಕಾಲಾಳು ಹೊಡಿಯೋ ಮನುಷ್ಯ ಏನ್ರೀ? ಅಷ್ಟೊತ್ತು ನೀವು ಕೂಸಿನ ಮಕ ಬಿಟ್ಟು ಬ್ಯಾರೆ ಕಡಿಗೆ ನೋಡ್ಲೇ ಇಲ್ಲಂತ. ಒಳಗ ಬಂದು ಅವ್ವಗ ಹೇಳಿ ಕಣ್ಣೊರಿಸ್ಕೊಂಡ."

ಹುಟ್ಟಿದಾರಭ್ಯ ಮೊದಲ ಸಲ ಯಾರೋ ನನ್ನ ಗಮನವನ್ನು ಗಮನಿಸಿದ್ದರು. ಕೂಸನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡೆ. ಇನ್ನುಮುಂದೆ ಹೆಂಡತಿಯ ಮಾತನ್ನೂ ಹೀಗೇ ಪೂರ್ತಿ ಕೇಳಬೇಕೆಂದು ನಿಶ್ಚಯಿಸಿದೆ. ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಎಡಗಡೆಯ ಎತ್ತಿನ ಹಿಂಗಾಲಿನ ಲಾಳ ಸಡಿಲವಾದದ್ದು ಕಣ್ಣಿಗೆ ಬಿತ್ತು. ಬಹಳ ಹೊತ್ತು ಅದನ್ನೇ ನೋಡಿ ಈ ಕಡೆ ತಿರುಗಿದರೆ, ಕೂಸು ನನ್ನ ತೊಡೆಯ ಮೇಲೇ ಇತ್ತು. ಅದರ ಎರಡೂ ಕಾಲನ್ನು ಶಾಂತವ್ವ ಹಿಡಿದುಕೊಂಡಿದ್ದಳು.