ಮೂರು ಕುರ್ಚಿಗಳ ಸಂವಾದ

ದರ್ಜಿ ಬೆಳಗಿನ ಪಾತ್ರೆ ತೊಳೆಯುತ್ತಿದ್ದಾಗ ಚರ್ಚಿನ ಅಡುಗೆಯಾಕೆ ಏದುಸಿರು ಬಿಡುತ್ತ ಬಂದಳು.

"ಅಣ್ಣಾ, ಫಾದರ್‌ಗೆ ಕೆಂಡದಂಥ ಜ್ವರ. ಸಂಜೆ ಸರ್ವಧರ್ಮ ಸಂವಾದದಲ್ಲಿ ಅವರ ಕುರ್ಚಿಲಿ ನೀವೇ ಕೂರಬೇಕಂತೆ."

ತಟ್ಟೆ ಕೈಯಿಂದ ಜಾರಿತು. "ನಾನಾ? ನನಗೆ ಗೊತ್ತಿರೋದು ಕಾಲರು, ಕಾಜಾ ಅಷ್ಟೇ ಕಣಮ್ಮ!"

"ಬೇರೆ ಧರ್ಮದವರಲ್ಲಿರೋ ಸತ್ಯ, ಒಳ್ಳೇದು ಯಾವುದನ್ನೂ ನಮ್ಮ ಕ್ರೈಸ್ತ ಧರ್ಮಸಭೆ ತಳ್ಳಿಹಾಕಲ್ಲ, ಗೌರವದಿಂದ ಕೇಳಿಸ್ಕೊಂಡು ಬಂದ್ರೆ ಸಾಕು ಅಂದ್ರು."

ದರ್ಜಿಯ ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಂಡಿತು. ದೇವಸ್ಥಾನದ ಅರ್ಚಕರ, ಮಸೀದಿಯ ಮೌಲ್ವಿಗಳ ಸ್ನೇಹವನ್ನು ಫಾದರ್ ಹತ್ತು ವರ್ಷ ಅವರ ಮನೆಗೆ ನಡೆದು ನಡೆದು ಸಂಪಾದಿಸಿದ್ದರು. ತನ್ನ ಒಂದು ಎಡವಟ್ಟು ಮಾತಿಗೆ ಅದು ಹರಿದುಹೋದರೆ?

ಅಂಗಡಿಯಲ್ಲಿ ಸಲಹೆಗಳ ಸುರಿಮಳೆ. "ಎಲ್ಲಾ ಒಂದೇ ಅಂದ್ಬಿಡಿ, ಮುಗೀತು," ಎಂದ ಪಕ್ಕದ ಕ್ಷೌರಿಕ.

"ಛೆ, ಹಾಗಂದ್ರೆ ನಮ್ಮ ನಂಬಿಕೆಗೆ ಏನು ಬೆಲೆ? ವಾದ ಮಾಡಿ ಗೆದ್ದು ಬನ್ನಿ ಭಾವ!" ಎಂದ ಹೆಂಡತಿಯ ತಮ್ಮ.

"ಗೆಲ್ಲೋಕೆ ಅದೇನು ಕುಸ್ತಿನಾ?" ಎಂದು ಗದರಿದ ದರ್ಜಿ, ಅದೇ ಗಡಿಬಿಡಿಯಲ್ಲಿ ಗಿರಾಕಿಯ ಪ್ಯಾಂಟಿಗೆ ಅಂಗಿಯ ತೋಳು ಹೊಲಿದುಬಿಟ್ಟ.

ಸಂಜೆ ಮಗಳ ಕೈ ಹಿಡಿದು ಸಭಾಂಗಣಕ್ಕೆ ಹೋದರೆ ಅರ್ಚಕರೂ ಇಲ್ಲ, ಮೌಲ್ವಿಗಳೂ ಇಲ್ಲ. ಅವರ ಕುರ್ಚಿಗಳಲ್ಲಿ ದೇವಸ್ಥಾನದ ಹೂವಿನವನು, ಮಸೀದಿಯ ಕಾವಲುಗಾರ.

"ಅರ್ಚಕರಿಗೇನೋ ಅರ್ಜೆಂಟ್ ಕೆಲಸವಂತೆ. ಸುಮ್ನೆ ಕೇಳಿಸ್ಕೊಂಡು ಬಾ ಅಂದ್ರು," ಎಂದು ಹೂವಿನವನು ಪಿಸುಗುಟ್ಟಿದ.

"ನನಗೂ ಅದೇ ಹುಕುಂ," ಎಂದ ಕಾವಲುಗಾರ.

ಮೂವರೂ ಕೇಳಿಸಿಕೊಳ್ಳಲು ಕೂತರು. ಒಂದು ಗಂಟೆ. ಸಭಿಕರಲ್ಲಿ ಯಾರೋ ಕೆಮ್ಮಿದಾಗ ಮೂವರೂ ಗೌರವದಿಂದ ತಲೆದೂಗಿದರು.

"ಇಷ್ಟು ಒಮ್ಮತ ನಾನು ಎಲ್ಲೂ ಕಂಡಿಲ್ಲಪ್ಪಾ!" ಎನ್ನುತ್ತ ಒಬ್ಬ ಅಜ್ಜಿ ಎದ್ದು ಹೋದಳು.

ಮಾನ ಹೋಯಿತೆಂದುಕೊಂಡು ದರ್ಜಿ ಮಗಳೊಂದಿಗೆ ಫಾದರ್ ಕೋಣೆಗೆ ಹೋದ, ಬಾಗಿಲಲ್ಲೇ ನಿಂತುಬಿಟ್ಟ. ಮೌಲ್ವಿಗಳು ಫಾದರ್ ಹಣೆಯ ಒದ್ದೆಬಟ್ಟೆ ಬದಲಿಸುತ್ತಿದ್ದರು. ಅರ್ಚಕರು ಚಮಚದಲ್ಲಿ ಬಿಸಿನೀರು ಕುಡಿಸುತ್ತಿದ್ದರು.

"ಪ್ರಾರ್ಥನೆ ಮಾಡುವಾಗ ಮನಸ್ಸು ಓಡಿಹೋದ್ರೆ ಏನು ಮಾಡ್ತೀರಿ?" ಎಂದು ಫಾದರ್ ಕೇಳುತ್ತಿದ್ದರು.

"ದಿನಕ್ಕೆ ಐದು ಸಲ ಹಿಡ್ಕೊಂಡು ಬರ್ತೀನಿ. ಮತ್ತೆ ಓಡುತ್ತೆ," ಎಂದರು ಮೌಲ್ವಿಗಳು.

"ನಮ್ಮದು ಗರ್ಭಗುಡಿಯೊಳಗಿಂದಲೇ ಓಡುತ್ತೆ!" ಎಂದರು ಅರ್ಚಕರು. ಮೂವರೂ ಮಕ್ಕಳಂತೆ ನಕ್ಕರು. ದರ್ಜಿಯ ಕಣ್ಣು ಒದ್ದೆಯಾಯಿತು.

ಫಾದರ್ ಅವನನ್ನು ನೋಡಿದರು. "ಏನಪ್ಪಾ, ಯಾರಿಗೂ ನೋವಾಗಲಿಲ್ಲ ತಾನೇ?"

"ಇಲ್ಲ ಫಾದರ್. ಯಾರೂ ಬಾಯೇ ಬಿಡಲಿಲ್ಲ."

"ಭೇಷ್! ಇನ್ಮೇಲೆ ಪ್ರತಿ ತಿಂಗಳೂ ನೀವು ಮೂವರೇ ಕೂತ್ಕೊಳ್ಳಿ."

ಅಷ್ಟು ಹೊತ್ತು ತುಟಿ ಬಿಗಿಹಿಡಿದಿದ್ದ ಮಗಳು ಕೇಳಿಯೇಬಿಟ್ಟಳು:

"ಫಾದರ್, ಮಾತೆಲ್ಲಾ ಇಲ್ಲೇ ನಡೀತಿದ್ರೆ ಅಪ್ಪ ಅಲ್ಲಿ ಯಾಕೆ ಕೂರಬೇಕು?"