ಮುನ್ನೂರ ಎಂಬತ್ತರ ಪ್ಲೇಟು

ಮೊದಲ ತಪ್ಪು ಕರೆಂಟಿನದು. ಐತವಾರ ಬೆಳಿಗ್ಗೆ, ಪೆದ್ದಕಡುಬೂರಿನಿಂದ ಮಗಳ ಮನೆಗೆ ಬಂದಿದ್ದ ಅಂಬಮ್ಮ ಪಡಸಾಲೆಯಲ್ಲಿ ಕೂತು ಎರಡನೇ ಸಲ ಚಹಾ ಕುಡಿಯುತ್ತಿದ್ದಾಗ ಅದು ಹೋಯಿತು. ಆದೋನಿಯ ಬೇಸಿಗೆಯಲ್ಲಿ ಫ್ಯಾನು ನಿಂತರೆ ಮನುಷ್ಯ ಕೈಗೆ ಸಿಕ್ಕಿದ್ದರಿಂದ ಗಾಳಿ ಹಾಕಿಕೊಳ್ಳುತ್ತಾನೆ. ಅಂಬಮ್ಮನ ಕೈಗೆ ದಿವಾನದ ಹಾಸಿಗೆಯ ಕೆಳಗಿನಿಂದ ಇಣುಕುತ್ತಿದ್ದ ಚೌಕಾಕಾರದ ರಟ್ಟೊಂದು ಸಿಕ್ಕಿತು. ಎಳೆದುಕೊಂಡು ಬೀಸಿಕೊಳ್ಳತೊಡಗಿದಳು.

ಸ್ನಾನ ಮುಗಿಸಿ ಬಂದ ಅಳಿಯ ಹಾಲೇಶ್ ಬಾಗಿಲಲ್ಲೇ ನಿಂತುಬಿಟ್ಟ. ಬಿಸಿನೀರು ಹೊಯ್ದುಕೊಂಡ ಮೈ ಒಮ್ಮೆಲೇ ತಣ್ಣಗಾಯಿತು. ಅತ್ತೆ ಬೀಸಿಕೊಳ್ಳುತ್ತಿದ್ದದ್ದು ನಲವತ್ತಮೂರು ಸಾವಿರ ರೂಪಾಯಿ.

ಹಾಲೇಶ್ ಹತ್ತಿ ಮಿಲ್ಲಿನಲ್ಲಿ ಕಾಟಾ ಗುಮಾಸ್ತ. ತೂಕ ಕಮ್ಮಿ ಬಂತೆಂದು ರೈತ ಬೈದರೂ 'ಹೌದ್ರಿ', ಜಾಸ್ತಿ ಬಂತೆಂದು ಸಾವ್ಕಾರ ಬೈದರೂ 'ಹೌದ್ರಿ'. ಹುಟ್ಟಿದಾಗ ಅತ್ತದ್ದು ಬಿಟ್ಟರೆ ಅವನು ದನಿ ಏರಿಸಿದ್ದನ್ನು ಕೇಳಿದವರಿಲ್ಲ. ಬಳ್ಳಾರಿಯಲ್ಲಿ ಓದುವಾಗ ಹಾಸ್ಟೆಲ್ಲಿನ ಗೆಳೆಯನೊಬ್ಬ ಒಂದು ಸಂಜೆ ಪಂಕ್ ಸಂಗೀತ ಕೇಳಿಸಿದ್ದ. ಅದು ಹಾಡಲ್ಲ, ಜಗಳ. ಜಗಳಕ್ಕೆ ಡ್ರಮ್ಮು ಬಾರಿಸಿದ ಹಾಗಿತ್ತು. ತಾನು ಜನ್ಮದಲ್ಲಿ ಯಾರಿಗೂ ಹೇಳಲಾಗದ್ದನ್ನೆಲ್ಲ ಯಾರೋ ಗಂಟಲು ಹರಿಯುವಂತೆ ಹೇಳುತ್ತಿದ್ದಾರೆ ಅನ್ನಿಸಿ ಹಾಲೇಶನ ಕಣ್ಣು ತುಂಬಿತ್ತು. ಅಂದಿನಿಂದ ಆ ಹಾಡುಗಳ ಹಳೆಯ ಪ್ಲೇಟುಗಳೆಂದರೆ ಪ್ರಾಣ. ಕಿವಿಗೆ ಹೆಡ್‌ಫೋನು ಹಾಕಿ, ಆ ಕೂಗಾಟವನ್ನು ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಇಟ್ಟುಕೊಂಡು ಕೇಳುತ್ತಿದ್ದ.

ಅತ್ತೆಯ ಕೈಲಿದ್ದ ರಟ್ಟಿನೊಳಗಿನ ಪ್ಲೇಟು ಮಾಡಿದ್ದು ಇಂಗ್ಲೆಂಡಿನ ಯಾವುದೋ ಕಾರ್ಖಾನೆ ಊರಿನ ನಾಲ್ವರು ಹುಡುಗರು. ಕೆಲವೇ ನೂರು ಪ್ಲೇಟು ಒತ್ತಿಸಿ, ಅವು ಮಾರಾಟವಾಗುವ ಮೊದಲೇ ತಮ್ಮತಮ್ಮಲ್ಲಿ ಬಡಿದಾಡಿಕೊಂಡು ಚದುರಿಹೋಗಿದ್ದರು. ಅವರ ಬಡಿದಾಟದಿಂದಲೇ ಪ್ಲೇಟಿಗೆ ಆ ಬೆಲೆ. ಮಿಲ್ಲಿನಲ್ಲಿ ಈ ವರ್ಷ ಒಳ್ಳೆಯ ಬೋನಸ್ಸು ಬಂದಿತ್ತು, ಅದರಲ್ಲೇ ಇದನ್ನು ಇಂಗ್ಲೆಂಡಿನಿಂದ ತರಿಸಿದ್ದ. ಹೆಂಡತಿ ಚೇತನಾಳಿಗೆ ಮಾತ್ರ, "ಈ ಸಲ ಬೋನಸ್ ಇಲ್ಲಂತ" ಎಂದು ಹೇಳಿದ್ದ. ಹೇಳಿದ ದಿನದಿಂದ ಊಟ ಸರಿಯಾಗಿ ಸೇರುತ್ತಿರಲಿಲ್ಲ.

"ಇದೇನ್ರಿ ಅಳಿಯಂದ್ರ?" ಅಂಬಮ್ಮ ರಟ್ಟನ್ನು ದೂರ ಹಿಡಿದು ನೋಡಿದಳು. "ಯಾರು ಈ ಹುಡುಗ? ಕೆನ್ನಿಗೆ ಪಿನ್ನ ಚುಚ್ಚಿಕೊಂಡಾನ. ಬಾಯಿಬೀಗದ ಹರಕಿ ಏನರ ಇತ್ತೇನು?"

"ಹೂಂ ಅತ್ತೆವ್ವಾ. ಅದಾ... ಹರಕಿ."

"ಕೂದಲಾ ನೋಡು, ಹುಂಜದ ಜುಟ್ಟು ಆಗೇತಿ!" ಎಂದು ರಟ್ಟನ್ನು ಓರೆ ಮಾಡಿದಳು. ಒಳಗಿನ ಕರಿ ಪ್ಲೇಟು ಜಾರಿ ಅವಳ ಮಡಿಲಿಗೆ ಬಿತ್ತು. ಅದರ ಜೊತೆ ಹಾಲೇಶನ ಜೀವವೂ ಜಾರಿತು. "ಅಯ್ಯ, ಹಾಡಿನ ಪ್ಲೇಟು! ಇಲ್ಲಿ ರೇಟಿನ ಚೀಟಿ ಹಚ್ಯಾರ. ಮುಂದಿನ ಅಕ್ಷರ ತಿಳೀವಲ್ದು, ಇಂಗ್ಲಿಷ್ 'ಎಲ್' ಅಕ್ಷರಕ್ಕ ಸೊಂಟಪಟ್ಟಿ ಕಟ್ಟಿದಂಗ ಐತಿ. ಮುನ್ನೂರ ಎಂಬತ್ತು... ರೂಪಾಯಿನಾ?"

ಅದು ಇಂಗ್ಲೆಂಡಿನ ಪೌಂಡಿನ ಗುರುತೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಲ್ಲ ಎಂದು ಹಾಲೇಶ್ ಮನಸ್ಸಿನಲ್ಲೇ ಬಸವಣ್ಣನಿಗೆ ಕೈಮುಗಿದ. "ಹೌದ್ರಿ, ರೂಪಾಯಿನಾ, ರೂಪಾಯಿನಾ!" ಎಂದ. ಬದುಕಿದೆ ಅಂದುಕೊಂಡ.

ಆದರೆ ಅಂಬಮ್ಮ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಅರ್ಧ ಮಧ್ಯಾಹ್ನ ನಿಲ್ಲುವ ಹೆಂಗಸು. "ಮುನ್ನೂರ ಎಂಬತ್ತಾ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ಮನೆಯ ಜಯಕ್ಕ ಹಾಲಿನ ಚೊಂಬು ಹಿಡಿದುಕೊಂಡೇ ಓಡಿಬಂದಳು. "ನೋಡವ್ವಾ ಜಯಕ್ಕ, ಯಾವನೋ ಹಳೇ ಪ್ಲೇಟಿಗೆ ನಮ್ಮ ಅಳಿಯಂದ್ರ ಹತ್ರ ಮುನ್ನೂರ ಎಂಬತ್ತು ಕಿತ್ಕೊಂಡಾನ!"

"ಐವತ್ತಕ್ಕಿಂತ ಹೆಚ್ಚು ಬಾಳಂಗಿಲ್ಲ" ಎಂದಳು ಜಯಕ್ಕ, ಹುಟ್ಟಿದಾಗಿನಿಂದ ಪ್ಲೇಟಿನ ವ್ಯಾಪಾರ ಮಾಡಿದವಳಂತೆ.

ಚೇತನಾ ಅಡುಗೆಮನೆಯಿಂದ ಸೌಟು ಹಿಡಿದು ಬಂದಳು. ಪ್ಲೇಟನ್ನು ನೋಡಿದಳು. ಗಂಡನ ಮುಖ ನೋಡಿದಳು. ಬಂದ ಹಾಗೇ ಒಳಗೆ ಹೋದಳು. ಹಾಲೇಶನಿಗೆ ಅತ್ತೆಯ ಕೂಗಿಗಿಂತ ಅದೇ ಹೆಚ್ಚು ಅಂಜಿಕೆಯಾಯಿತು.

"ಎಲ್ಲಿ ತಗೊಂಡ್ರಿ? ಹೇಳ್ರಿ!" ಅಂಬಮ್ಮ ಎದ್ದು ನಿಂತಳು.

ಹಾಲೇಶನಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಓಣಿಯ ಕೊನೆಯ ಗುಜರಿ ಅಂಗಡಿ. "ಜಂಬಪ್ಪನ ಹತ್ರ" ಎಂದುಬಿಟ್ಟ.

ಅಂಬಮ್ಮ ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದಳು. "ಬ್ಯಾಡ್ರಿ ಅತ್ತೆವ್ವಾ, ಹೋಗ್ಲಿ ಬಿಡ್ರಿ" ಎಂದು ಹಾಲೇಶ್ ಹಿಂದೆ, ಅವನ ಹಿಂದೆ ಚೊಂಬಿನ ಸಮೇತ ಜಯಕ್ಕ.

ಜಂಬಪ್ಪ ಹಳೆ ಪೇಪರು ತೂಗುತ್ತಿದ್ದ. ಪ್ಲೇಟು ಮುಖದ ಮುಂದೆ ಬಂದಾಗ ಅವನಿಗೆ ತಲೆಬುಡ ತಿಳಿಯಲಿಲ್ಲ. "ನೇನು ಅಮ್ಮಲೇದು ತಲ್ಲೀ! ನಾನು ಮಾರಿಲ್ಲವ್ವಾ! ಇಂಥಾ ಪ್ಲೇಟು ನಾನು ನೋಡಾ ಇಲ್ಲ!"

"ಸುಳ್ಳಾ ಹೇಳ್ತಾನ! ಹಾಲೇಶಣ್ಣ ನಿನ್ನೆ ಇಲ್ಲಿಂದ ಇದನ್ನ ಹಿಡಕೊಂಡು ಬಂದದ್ದು ನನ್ನ ಕಣ್ಣಾರೆ ನೋಡೀನಿ!" ಎಂದಳು ಜಯಕ್ಕ. ನಿನ್ನೆಯೆಲ್ಲ ಅವಳು ತವರಿನಲ್ಲಿದ್ದಳು.

ಜಂಬಪ್ಪ ಹಾಲೇಶನ ಕಡೆ ತಿರುಗಿದ. "ನೀವಾ ಹೇಳ್ರಿ ಸಾರು. ನಾ ಮಾರೀನೇನು?"

ಹಾಲೇಶ್ ಅತ್ತಿತ್ತ ನೋಡಿದ. ಅತ್ತೆ ಎಡಕ್ಕೆ, ಜಯಕ್ಕ ಬಲಕ್ಕೆ, ಸುತ್ತ ಆಗಲೇ ನೆರೆದ ಹತ್ತೆಂಟು ಜನ. "ಹೌದ್ರಿ" ಎಂದ. ಅದೊಂದೇ ಮಾತು ಅವನಿಗೆ ರೂಢಿ.

ಐತವಾರದ ವ್ಯಾಪಾರ ಕೆಡುವುದು ಬೇಡವೆಂದು ಜಂಬಪ್ಪ ಗಲ್ಲಾದಿಂದ ಮುನ್ನೂರ ಎಂಬತ್ತು ತೆಗೆದು ಕೊಟ್ಟ. ಸಿಟ್ಟಿಗೆ ಪ್ಲೇಟನ್ನು ಹೊರಗಿನ ತಗಡಿನ ರಾಶಿಯ ಮೇಲೆ ಒಗೆದ. ತಗಡು ಬಿಸಿಲಿಗೆ ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಇನ್ನೊಂದು ಗಳಿಗೆ ಅಲ್ಲೇ ಇದ್ದರೆ ಪ್ಲೇಟು ಹಪ್ಪಳವಾಗುತ್ತದೆಂದು ಹಾಲೇಶನಿಗೆ ಗೊತ್ತು. ಆದರೆ ಅತ್ತೆ ಅವನ ರಟ್ಟೆ ಹಿಡಿದು ಎಳೆದೊಯ್ದಳು.

ದಾರಿಯಲ್ಲಿ ಗೆದ್ದ ದುಡ್ಡಿನಿಂದ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡಳು. ಮನೆಯಲ್ಲಿ ತಟ್ಟೆ ತುಂಬ ಸುರಿದು, "ತಿನ್ರಿ ಅಳಿಯಂದ್ರ, ನಿಮ್ಮ ರೊಕ್ಕಾನ ಐತಿ!" ಎಂದಳು. ಹಾಲೇಶ್ ಒಂದೊಂದು ಮಿರ್ಚಿ ಕಚ್ಚಿದಾಗಲೂ ಎರಡೆರಡು ಸಾವಿರ ನುಂಗಿದಂತೆ ಮುಖ ಕಿವುಚಿದ. ಕಣ್ಣ ಮುಂದೆ ಮಾತ್ರ ಆ ತಗಡು. ಚೇತನಾ ಎದುರು ನಿಂತು ನೀರು ಕೊಟ್ಟಳು. "ಯಾಕ್ರಿ, ಖಾರ ಆತೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನು ಹಿಡಿದು ಹಿತ್ತಲಿಗೆ ಹೋದಳು.

ಕೊನೆಗೆ ಮೊಸರು ತರುತ್ತೇನೆಂದು ಹೇಳಿ ಹಾಲೇಶ್ ಹೊರಬಿದ್ದ. ಓಣಿ ತಿರುಗುವವರೆಗೆ ನಡೆದ, ತಿರುಗಿದ ಮೇಲೆ ಓಡಿದ. ಯಾರಾದರೂ ಆಗಲೇ ಕೊಂಡುಹೋಗಿದ್ದರೆ? ಜಂಬಪ್ಪ ಮುರಿದು ಹಾಕಿದ್ದರೆ? ತಗಡಿನ ರಾಶಿಯ ಮೇಲೆ ಪ್ಲೇಟು ಇರಲಿಲ್ಲ. ಸುಡುವ ತಗಡುಗಳನ್ನು ಎತ್ತೆತ್ತಿ ಕೆಳಗೆ ಇಣುಕಿದ.

"ಬರ್ರಿ ಸಾರು, ಕುಂದ್ರಿ" ಎಂದ ಜಂಬಪ್ಪ, ನೆಂಟನನ್ನು ಕರೆದಂತೆ. ಒಳಗೆ ಕುರ್ಚಿ ಹಾಕಿತ್ತು. ಪ್ಲೇಟು ನೆರಳಿನಲ್ಲಿ, ಒಗೆದ ಪಂಚೆಯೊಳಗೆ ಸುತ್ತಿಟ್ಟಿತ್ತು. ಹಾಲೇಶ್ ಬಾಗಿ ಅಂಚು ನೋಡಿದ. ಡೊಂಕಾಗಿರಲಿಲ್ಲ. ಅಳುವಷ್ಟು ಸಂತೋಷವಾಯಿತು.

"ಜಂಬಪ್ಪಾ, ತಪ್ಪಾತು. ನಿನ್ನ ಮುನ್ನೂರ ಎಂಬತ್ತರ ಮ್ಯಾಲೆ ಇನ್ನೂ ನೂರು ಇಟ್ಕೋ."

"ಐದು ಸಾವಿರ."

"ಐದು ಸಾವಿರ!"

ಜಂಬಪ್ಪ ಮುಂದೆ ಬಾಗಿ, ಡಾಕ್ಟರು ರೆಪ್ಪೆ ಎಳೆದು ನೋಡುವಂತೆ ಹಾಲೇಶನ ಕಣ್ಣೊಳಗೆ ನೋಡಿದ. "ಎಂಟು" ಎಂದ.

ಹಾಲೇಶ್ ಎರಡು ಅಂದ. ಜಂಬಪ್ಪ ಹತ್ತು ಅಂದ. ಮೂರು ಅಂದರೆ ಹನ್ನೆರಡು. ಲೋಕದಲ್ಲೆಲ್ಲ ಚೌಕಾಸಿ ಮಾಡಿದರೆ ರೇಟು ಇಳಿಯುತ್ತದೆ, ಇಲ್ಲಿ ಏರುತ್ತಿತ್ತು. ಕಳ್ಳ ಎಂದು ಕೂಗಬೇಕು, ತಕ್ಕಡಿ ಎತ್ತಿ ಒಗೆಯಬೇಕು, ರಟ್ಟಿನ ಮೇಲಿನ ಹುಡುಗನಾಗಿದ್ದರೆ ಅದನ್ನೇ ಮಾಡುತ್ತಿದ್ದ. ಹಾಲೇಶ್ ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ತೆರೆದ. "ಸ್ವಲ್ಪ ನೋಡಿ ಹೇಳ್ರಲ್ಲ" ಎಂಬ ಮಾತು ಬಂತು.

"ಹದಿನೈದು." ಜಂಬಪ್ಪ ಮತ್ತೆ ಕಣ್ಣು ನೋಡಿದ. "ಹದಿನೆಂಟು."

ಬೋನಸ್ಸಿನಲ್ಲಿ ಉಳಿದಿದ್ದದ್ದು ಹದಿನೆಂಟೇ ಸಾವಿರ. ಹಾಲೇಶನ ಎಡಗಣ್ಣಿನಿಂದ ಒಂದು ಹನಿ ಕೆನ್ನೆಗೆ ಇಳಿಯಿತು.

"ಸಾಕು" ಎಂದ ಜಂಬಪ್ಪ ಕೂಡಲೇ. "ಹದಿನೆಂಟಕ್ಕ ಫೈನಲ್." ಸ್ಕ್ಯಾನ್ ಮಾಡುವ ಫಲಕ ಮುಂದಿಟ್ಟ.

ಹಾಲೇಶ್ ಫೋನು ತೆಗೆದು ಒತ್ತಿದ. ಗಲ್ಲಾದ ಮೇಲಿನ ಡಬ್ಬಿಗೆ ಇವನ ಮೇಲೆ ಯಾವ ಜನ್ಮದ ಹಗೆಯೋ, "ಪದ್ದೆನಿಮಿದಿ ವೇಲ ರೂಪಾಯಲು ಅಂದಾಯಿ!" ಎಂದು ಹದಿನೆಂಟು ಸಾವಿರ ಬಂದದ್ದನ್ನು ತೆಲುಗಿನಲ್ಲಿ ಇಡೀ ಓಣಿಗೆ ಸಾರಿತು. ಪಕ್ಕದ ಕಿರಾಣಿ ಅಂಗಡಿಯಿಂದ ಒಂದು ತಲೆ ಹೊರಬಂತು. ಜಯಕ್ಕನ ತಲೆ.

ಹಾಲೇಶ್ ಪ್ಲೇಟನ್ನು ಅಂಗಿಯೊಳಗೆ ತೂರಿಸಿಕೊಂಡು ಓಡಿದ. ಎದೆಗೆ ಹಲಗೆ ಕಟ್ಟಿದಂತಾಗಿ ಬಾಗಲೂ ಬಾರದು, ತಿರುಗಲೂ ಬಾರದು. ಹಿಂದೆ ಜಯಕ್ಕನ ಚಪ್ಪಲಿಯ ಸದ್ದು ಪಟಪಟನೆ ಹತ್ತಿರವಾಗುತ್ತಿತ್ತು. ಪೊಲೀಸರ ಬೂಟಿಗೂ ಅವನು ಅಷ್ಟು ಹೆದರುತ್ತಿರಲಿಲ್ಲ.

"ಯಾಕ ಅಳಿಯಂದ್ರ, ಎದಿ ಸೆಟೆಸಿಕೊಂಡು ಬಂದ್ರಿ? ಮೊಸರೆಲ್ಲಿ?" ಎಂದಳು ಅಂಬಮ್ಮ. ಅವನು ಬಾಯಿ ತೆರೆಯುವುದರೊಳಗೆ ಜಯಕ್ಕ ಹೊಸ್ತಿಲು ದಾಟಿದ್ದಳು.

"ಕೇಳ್ರಿ ಅಂಬಮ್ಮಾರ! ಹಾಲೇಶಣ್ಣ ಜಂಬಪ್ಪಗ ಹದಿನೆಂಟು ಸಾವಿರ ಕೊಟ್ಟ! ಡಬ್ಬಿ ಕೂಗಿದ್ದು ನನ್ನ ಕಿವ್ಯಾರೆ ಕೇಳೀನಿ!"

ಅವಳು ಹುಟ್ಟಿದ ಮೇಲೆ ಹೇಳಿದ ಮೊದಲ ನಿಜ ಅದೇ ಇರಬೇಕು. ಅಂಬಮ್ಮನ ಕಣ್ಣು ಅಗಲವಾಯಿತು. ಹಾಲೇಶ್ ಗೋಡೆಗೆ ಒರಗಿದ. ಬೋನಸ್ಸಿನ ಸುಳ್ಳು, ಇಂಗ್ಲೆಂಡು, ಅತ್ತೆ ಕೂಡಿಸಲಿರುವ ಪಂಚಾಯ್ತಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಸುತ್ತಿದವು.

"ಅದು ಮಿಲ್ಲಿನ ರೊಕ್ಕ" ಎಂದಿತು ಒಂದು ಶಾಂತ ದನಿ. ಚೇತನಾ. "ಜಂಬಪ್ಪನ ಹತ್ರ ಮಿಲ್ಲಿಗೆ ಹಳೇ ಕಬ್ಬಿಣ ತಗೊಂಡಾರ. ಸಾವ್ಕಾರ್ರು ಇವರ ಕೈಲೆ ಕೊಡಿಸ್ಯಾರ. ನಂಗ ನಿನ್ನೆನಾ ಹೇಳಿದ್ರು."

ಜಯಕ್ಕನ ಮುಖ ಬಾಡಿತು. ಅಂಬಮ್ಮ, "ಹಂಗನು" ಎಂದು ಎಲೆಅಡಿಕೆಗೆ ಕೈಹಾಕಿದಳು. ಹಾಲೇಶ್ ಹೆಂಡತಿಯನ್ನು ನೋಡುತ್ತಲೇ ನಿಂತ. ಇಂಥವಳಿಗೆ ಸುಳ್ಳು ಹೇಳಿದೆನಲ್ಲ ಅಂದುಕೊಂಡ. ಅವಳ ಹಿಂದೆಯೇ ಅಡುಗೆಮನೆಗೆ ಹೋದ.

"ಚೇತನಾ, ನೀ ನನ್ನ ಉಳಿಸಿದಿ. ನಿನಗ ಹೆಂಗ..."

ಅವಳು ಒಲೆ ಸಣ್ಣ ಮಾಡಿ ಫೋನು ತೋರಿಸಿದಳು. ಜಂಬಪ್ಪನಿಂದ ಹದಿನೇಳು ಸಾವಿರ ಜಮಾ ಆಗಿತ್ತು.

"ಒಂದು ಸಾವಿರ ಅವನ ಕಮಿಷನ್ನು" ಎಂದಳು. "ಅವ್ವ ತಂದ ಮುನ್ನೂರ ಎಂಬತ್ತೂ ಅದರಾಗಾ ವಜಾ."

ಹಾಲೇಶನಿಗೆ ಕಿವಿ ಗುಂಯ್ ಎಂದಿತು. "ಅದರ ರೇಟು ನಿನಗ ಹೆಂಗ ಗೊತ್ತಾತು?"

"ನನಗೆಲ್ಲಿ ಗೊತ್ತು? ಹೋದ ರೊಕ್ಕ ತಿರುಗಿ ಬಂದ್ರ ಯಾರಾದ್ರೂ ನಗ್ತಾರ. ನೀವು ಮಣ್ಣು ಮಾಡಿ ಬಂದವರಂಗ ಕುಂತು ಮಿರ್ಚಿ ತಿಂದ್ರಿ. ಆಗ ಜಂಬಪ್ಪಗ ಫೋನ್ ಹಚ್ಚಿದೆ. 'ಅಣ್ಣಾ, ನಮ್ಮನಿಯವರು ಬರ್ತಾರ. ಪ್ಲೇಟು ನೆಳ್ಳಾಗ ಇಡು. ರೇಟು ಏರಿಸಿಕೋತ ಹೋಗು, ಅವರ ಕಣ್ಣಾಗ ನೀರು ಬಂದ ಕೂಡ್ಲೆ ನಿಲ್ಲಿಸು' ಅಂದೆ."

ಹಾಲೇಶ್ ಅಂಗಿಯೊಳಗಿನ ಪ್ಲೇಟನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಆ ಅಂಜಿಕೆಯ ನಡುವೆಯೂ ಒಂದು ಸಣ್ಣ ಸಮಾಧಾನವಿತ್ತು. ಹೋದದ್ದು ಹೋಯಿತು, ನಲವತ್ತಮೂರು ಸಾವಿರದ ಮಾತು ಇವಳಿಗೆ ತಿಳಿದಿಲ್ಲ.

ಚೇತನಾ ಸಾರಿಗೆ ಉಪ್ಪು ಹಾಕಿ, ಸೌಟಿನಿಂದ ತಿರುವಿ, ಸೀರೆ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ತಲೆ ಎತ್ತಿ, ಅವನ ಉಳಿದ ಪ್ಲೇಟುಗಳನ್ನು ಬಚ್ಚಿಟ್ಟಿದ್ದ ಅಟ್ಟದ ಕಡೆ ಒಂದು ಸಲ ನೋಡಿದಳು.

"ಅವ್ವಗ ಹೇಳೀನ್ರಿ" ಎಂದಳು ಮೆಲ್ಲಗೆ, "ಇನ್ನ ಮ್ಯಾಲೆ ಪ್ರತಿ ಐತಾರ ಬಾ ಅಂತ."