ಉಳಿದ ಮಾತ್ರೆಗಳ ಉಪಕಾರ

ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಪಂಪು ನೋಡಿಕೊಳ್ಳುವವನು ಎಲ್ಲರ ಬಾಯಲ್ಲೂ ಪಂಪಣ್ಣ. ಅಂದು ಬೆಳಿಗ್ಗೆ ಕಸ ತಡೆಯುವ ಜಾಲರಿ ಅವನ ಅಂಗೈಯನ್ನು ಗೀರಿತು. ಬೆಕ್ಕಿನ ಮೀಸೆಯಷ್ಟು ಗಾಯ. ಬೇರೆ ದಿನವಾಗಿದ್ದರೆ ಒರೆಸಿಕೊಂಡು ಮರೆಯುತ್ತಿದ್ದ. ಆದರೆ ಸಂಜೆ ಮಗಳು ಹಸುಗೂಸಿನೊಂದಿಗೆ ಬರುವವಳಿದ್ದಳು. ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಳ್ಳಬೇಕಾದ ಕೈಗೆ ಕೊಳಚೆಯ ನಂಜೇ!

"ನಂಜೇರಿದ್ರೆ ಕೈ ಹೋಯ್ತು ಅಂತಾನೇ ತಿಳ್ಕೋ," ಎಂದು ಕಾವಲುಗಾರ ಧೈರ್ಯ ಹೇಳಿ, ತನ್ನ ಹಲ್ಲುನೋವಿಗೆ ತಂದು ಉಳಿದಿದ್ದ ಮಾತ್ರೆ ಕೊಟ್ಟ. "ನೋವು ನಿಂತ್ಮೇಲೆ ಯಾವನು ನುಂಗ್ತಾನೆ? ತಗೋ."

ಆಫೀಸಿನ ಗುಮಾಸ್ತೆ ಮೂಗು ಮುರಿದಳು. "ಅದು ಬರೀ ಹಲ್ಲಿಗಪ್ಪಾ. ಇದು ನಮ್ಮತ್ತೆ ಕೆಮ್ಮಿಗೆ ತಂದಿದ್ದು. ಕೆಮ್ಮು ಬಾಲ ಮುದುರ್ಕೊಂಡು ಓಡ್ತು!"

ಮಧ್ಯಾಹ್ನ ಊಟದ ಡಬ್ಬಿ ತಂದ ಪಕ್ಕದ ಮನೆ ಅಕ್ಕ ಸೆರಗಿನ ಗಂಟು ಬಿಚ್ಚಿ ಕೆಂಪು ಗುಳಿಗೆ ತೆಗೆದಳು. ಯಾರ ಮನಸ್ಸನ್ನೂ ನೋಯಿಸಲಾರದ ಪಂಪಣ್ಣ ಎಲ್ಲವನ್ನೂ ನುಂಗಿದ. ಹೊಟ್ಟೆಯೊಳಗೆ ಮೂರು ಪಂಪು ಒಟ್ಟಿಗೇ ಶುರುವಾದಂತಾಯಿತು. ಅಲ್ಲಿಂದ ಸಂಜೆಯವರೆಗೂ ಅವನು ಘಟಕದ ಶೌಚಾಲಯಕ್ಕೆ ನೆಂಟನಾದ.

ಇನ್ನೇನು ಮನೆಗೆ ಹೊರಡಬೇಕು ಎನ್ನುವಷ್ಟರಲ್ಲಿ ಪ್ರಯೋಗಾಲಯದ ಮೇಡಂ ಸೀಸೆ ಹಿಡಿದು ಓಡಿಬಂದರು.

"ಪಂಪಣ್ಣಾ, ಒಳಗೆ ಬರೋ ನೀರಲ್ಲಿ ಆಂಟಿಬಯಾಟಿಕ್ ಇದೆ, ಕ್ರಿಮಿ ಸಾಯಿಸೋ ಮಾತ್ರೆ! ಕ್ರಿಮಿಗಳು ಇದ್ರಲ್ಲೇ ಈಜಿ ಈಜಿ ಪಳಗ್ತವೆ, ಆಮೇಲೆ ಯಾವ ಔಷಧಿಗೂ ಜಗ್ಗಲ್ಲ. ಎಲ್ಲಿಂದ ಬರ್ತಿದೆ ಅಂತ ಈಗ್ಲೇ ಹುಡುಕ್ಬೇಕು."

"ಸಿಗ್ಲಿ ಆ ಮಹಾನುಭಾವ, ಕಿವಿ ಹಿಂಡ್ತೀನಿ!"

ಕೂಸಿನ ಬಳಿ ಹೋಗಲು ತಡವಾದ ಸಿಟ್ಟಿನಲ್ಲಿ ಪಂಪಣ್ಣ ಮ್ಯಾನ್‌ಹೋಲುಗಳ ಮುಚ್ಚಳಗಳನ್ನು ಊಟದ ತಟ್ಟೆಗಳಂತೆ ಎತ್ತೆತ್ತಿ ಹಾಕಿದ. ಮೇಡಂ ಔಷಧಿ ತಾಗಿದರೆ ಕೆಂಪಾಗುವ ಕಾಗದದ ಪಟ್ಟಿ ಅದ್ದುತ್ತ ಬಂದರು. ಬೀದಿಯ ನೀರಿನಲ್ಲಿ ಬಣ್ಣ ತಿರುಗಲಿಲ್ಲ. ಗೇಟಿನ ಬಳಿಯೂ ಇಲ್ಲ. ಘಟಕದ ಶೌಚಾಲಯದ ಹಿಂದಿನ ಗುಂಡಿಯಲ್ಲಿ ಅದ್ದಿದ್ದೇ ತಡ, ಪಟ್ಟಿ ಬೈಸಿಕೊಂಡ ಮುಖದಂತೆ ಕೆಂಪಾಯಿತು.

ಪಂಪಣ್ಣನ ಕೈ ತಾನಾಗಿಯೇ ತನ್ನ ಕಿವಿಗೆ ಹೋಯಿತು.

ಅವನು ನುಂಗಿದ ಮೂರು ಮಾತ್ರೆಗಳ ಕಥೆಯೆಲ್ಲ ಕೇಳಿ, ಮೇಡಂ ಅವನ ಅಂಗೈ ನೋಡಿದರು. "ಇಷ್ಟಕ್ಕೆ ಸೋಪು ನೀರು ಸಾಕಿತ್ತಲ್ಲ! ಈಗ ಆ ಪಳಗಿದ ಕ್ರಿಮಿಗಳು ನಿಮ್ಮ ಹೊಟ್ಟೇಲೇ ಬೆಳೀತಿರಬಹುದು. ಮನೇಲಿ ಎಳೇ ಮಕ್ಕಳಿದಾರಾ? ಹೊಟ್ಟೆ ಸರಿಹೋಗೋವರೆಗೂ ಮುಟ್ಬೇಡಿ. ಆ ಕ್ರಿಮಿ ಹತ್ತಿ ನಾಳೆ ಮಕ್ಕಳಿಗೆ ಜ್ವರ ಬಂದ್ರೆ, ಕೆಲಸ ಮಾಡೋ ಔಷಧಿ ಉಳೀಬೇಕಲ್ಲ."

ಮನೆ ಬಾಗಿಲಲ್ಲೇ ಮಗಳು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಮುಂದೆ ಚಾಚಿದಳು.

"ತಗೋ ಅಪ್ಪಾ. ಥೇಟ್ ನಿನ್ನದೇ ಮೂಗು!"

ಅಂಗೈಯ ಗೀರು ಆಗಲೇ ಒಣಗಿ, ಹುಡುಕಿದರೂ ಸಿಗದಂತಾಗಿತ್ತು. ಪಂಪಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಸಿಲಿನ ಆಚೆಯಿಂದಲೇ ಬಗ್ಗಿ, ಆ ಮೂಗನ್ನು ನೋಡುತ್ತ ನಿಂತ.